ಬರ: ಒಂದು ಪದ, ಹಲವು ಅಳತೆ



ಒಂದೇ ಪಾರಿಭಾಷಿಕ ಪದ ಬೇರೆ ಬೇರೆ ಶಾಸ್ತ್ರಗಳಲ್ಲಿ ಬೇರೆ ಬೇರೆ ಅರ್ಥ ಕೊಡುವುದಕ್ಕೆ ಉದಾಹರಣೆಗಳನ್ನು ದೂರ ಹುಡುಕಬೇಕಾಗಿಲ್ಲ. ಖಗೋಳ ವಿಜ್ಞಾನಿಗಳು ಹೈಡ್ರೋಜನ್ ಮತ್ತು ಹೀಲಿಯಂ ಬಿಟ್ಟು ಉಳಿದ ಮೂಲವಸ್ತುಗಳನ್ನೆಲ್ಲ ಲೋಹ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಆಮ್ಲಜನಕವೂ ಲೋಹವೇ. ರಸಾಯನ ವಿಜ್ಞಾನಿಗೆ ಇಂಗಾಲದ ಸಂಯುಕ್ತವೆಂದರೆ ಸಾವಯವ, ಹಾಗಾಗಿ ಎಷ್ಟೋ ಕೀಟನಾಶಕಗಳು ಅವರಿಗೆ ಸಾವಯವ. ಸಂತೆಯಲ್ಲಿ ಸಾವಯವ ತರಕಾರಿ ಮಾರುವವರಿಗೆ ಅದೇ ಕೀಟನಾಶಕ ವರ್ಜ್ಯ. ಇವುಗಳಿಂದ ಯಾರಿಗೂ ತೊಂದರೆಯಿಲ್ಲ. ನಕ್ಷತ್ರ ನೋಡುವವರೂ ಕಬ್ಬಿಣ ಕರಗಿಸುವವರೂ ಒಂದೇ ಕಡತಕ್ಕೆ ಸಹಿ ಹಾಕುವ ಪ್ರಸಂಗ ಬರುವುದಿಲ್ಲ.

ಇಂದು ನಾನು ಆರಿಸಿಕೊಂಡಿರುವ ಪದ ಹಾಗಲ್ಲ. ಹವಾಮಾನ ತಜ್ಞರು, ಬೇಸಾಯ ವಿಜ್ಞಾನಿಗಳು, ಜಲತಜ್ಞರು, ಉಪಗ್ರಹ ಚಿತ್ರ ಓದುವವರು, ವಿಮಾ ಕಂಪನಿಯವರು, ವಕೀಲರು, ತಹಶೀಲ್ದಾರರು, ಎಲ್ಲರೂ ಅದನ್ನು ಬಳಸುತ್ತಾರೆ. ಎಲ್ಲರ ಬಳಕೆಯೂ ಕೊನೆಗೆ ಒಂದೇ ಹೊಲದ ಮೇಲೆ ಬಂದು ಬೀಳುತ್ತದೆ. ಆ ಪದ ಬರ.

2023ರ ಮುಂಗಾರು ನಿಮಗೆಲ್ಲ ನೆನಪಿದೆ. ಜೂನ್‌ನಲ್ಲಿ ಮಳೆ ಕೈಕೊಟ್ಟಿತು. ಜುಲೈನಲ್ಲಿ ವಾಡಿಕೆಗಿಂತ ಹೆಚ್ಚೇ ಸುರಿಯಿತು. ಬಿತ್ತನೆ ಭರದಿಂದ ನಡೆಯಿತು. ಆಗಸ್ಟ್ ಒಣಗಿತು. ದೇಶದಲ್ಲಿ 1901ರಿಂದ ಇಟ್ಟ ಲೆಕ್ಕದಲ್ಲಿ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ, ಕೊರತೆ ಶೇ 36. ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಮುಂದೆ ಆ ಪಟ್ಟಿ 223ಕ್ಕೆ ಬೆಳೆಯಿತು. ರಾಜ್ಯದಲ್ಲಿರುವುದೇ 236 ತಾಲ್ಲೂಕು. ಅದೇ ಋತುವಿನ ಕೊನೆಗೆ ದೇಶದ ಒಟ್ಟು ಮಳೆ ದೀರ್ಘಾವಧಿ ಸರಾಸರಿಯ ಶೇ 94ರಷ್ಟಿತ್ತು. ದೇಶಮಟ್ಟದ ಬರ ವರ್ಷಕ್ಕೆ ಹವಾಮಾನ ಇಲಾಖೆ ಹಿಂದಿನಿಂದ ಇಟ್ಟುಕೊಂಡಿದ್ದ ಮೊದಲ ಷರತ್ತು ಶೇ 10ಕ್ಕಿಂತ ಹೆಚ್ಚಿನ ಕೊರತೆ. ಆ ಅಳತೆಯಲ್ಲಿ 2023 ಬರದ ವರ್ಷವೇ ಆಗುವುದಿಲ್ಲ. ಎರಡು ಲೆಕ್ಕವೂ ಸುಳ್ಳಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರಗಳು. ನನ್ನ ಉಪನ್ಯಾಸದ ತಿರುಳು ಇಷ್ಟೇ: ಬರದ ಪ್ರತಿಯೊಂದು ವ್ಯಾಖ್ಯೆಯ ಹಿಂದೆ ಒಂದು ಪ್ರಶ್ನೆ ಇದೆ, ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದರ ಉತ್ತರವೆಂದು ತೆಗೆದುಕೊಂಡಾಗ ರೈತನಿಗೆ ಅನ್ಯಾಯವಾಗುತ್ತದೆ.

ಬರಕ್ಕೆ ಎಷ್ಟು ವ್ಯಾಖ್ಯೆಗಳಿವೆ ಎಂದು ಕುಳಿತು ನೋಡಿದವರಿದ್ದಾರೆ. ಅಮೆರಿಕದ ಡೊನಾಲ್ಡ್ ವಿಲ್ಹೈಟ್ ಮತ್ತು ಮೈಕೆಲ್ ಗ್ಲಾಂಟ್ಜ್ 1985ರ ಲೇಖನವೊಂದರಲ್ಲಿ 150ಕ್ಕೂ ಹೆಚ್ಚು ವ್ಯಾಖ್ಯೆಗಳನ್ನು ಪರಿಶೀಲಿಸಿ ನಾಲ್ಕು ಬಗೆಯಾಗಿ ವಿಂಗಡಿಸಿದರು: ಮಳೆಗೆ ಸಂಬಂಧಿಸಿದ್ದು, ಬೆಳೆಗೆ ಸಂಬಂಧಿಸಿದ್ದು, ನದಿ-ಕೆರೆ-ಅಂತರ್ಜಲಕ್ಕೆ ಸಂಬಂಧಿಸಿದ್ದು, ಜನಜೀವನಕ್ಕೆ ಸಂಬಂಧಿಸಿದ್ದು. ಇವತ್ತಿಗೂ ಬಹಳಷ್ಟು ಪಠ್ಯಪುಸ್ತಕಗಳು ಈ ವಿಂಗಡಣೆಯನ್ನೇ ಅನುಸರಿಸುತ್ತವೆ. ನಾನೂ ಅದೇ ದಾರಿಯಲ್ಲಿ ಹೊರಟು, ನಮ್ಮ ನೆಲದಲ್ಲಿ ಅದು ಎಲ್ಲಿ ಸಾಲದಾಗುತ್ತದೆ ಎಂಬುದನ್ನು ತೋರಿಸುತ್ತೇನೆ.

ಹವಾಮಾನ ತಜ್ಞರ ಪ್ರಶ್ನೆ ಸರಳ: ಬರಬೇಕಾದಷ್ಟು ಮಳೆ ಬಂತೆ? ಋತುವಿನ ಮಳೆ ವಾಡಿಕೆಗಿಂತ ಶೇ 25ಕ್ಕೂ ಹೆಚ್ಚು ಕಡಿಮೆಯಾದರೆ ಸಾಧಾರಣ ಬರ, ಶೇ 50 ಮೀರಿದರೆ ತೀವ್ರ ಬರ. ಇಲ್ಲಿ ಮುಖ್ಯವಾದದ್ದು ‘ವಾಡಿಕೆ’. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ; ಅಲ್ಲಿ ಮೂರನೆಯ ಒಂದು ಭಾಗ ಕಡಿಮೆಯಾದರೂ ಚಳ್ಳಕೆರೆಯ ಹಲವು ವರ್ಷಗಳ ಮಳೆಯಷ್ಟು ಒಂದೇ ವರ್ಷದಲ್ಲಿ ಬಿದ್ದಿರುತ್ತದೆ. ಹಾಗಿದ್ದರೂ ಈ ಅಳತೆಯಲ್ಲಿ ಆಗುಂಬೆಗೆ ಬರ, ಐನೂರು ಮಿಲಿಮೀಟರಿನ ಆಸುಪಾಸಿನಲ್ಲೇ ವರ್ಷ ಕಳೆಯುವ ಚಳ್ಳಕೆರೆಗೆ ಬರವಿಲ್ಲ. ಕೇಳಲು ವಿಚಿತ್ರವೆನಿಸಿದರೂ ತರ್ಕ ಸರಿಯಾಗಿದೆ. ಒಣ ನಾಡಾಗಿರುವುದು ಒಂದು ಊರಿನ ಹವೆಯ ಸ್ವಭಾವ. ಬರ ಆ ಸ್ವಭಾವ ತಪ್ಪುವ ಘಟನೆ. ಚಿತ್ರದುರ್ಗದ ಸೀಮೆಯನ್ನು ‘ಶಾಶ್ವತ ಬರಪೀಡಿತ’ ಎಂದು ಕರೆಯುವ ನಮ್ಮ ರೂಢಿಯನ್ನು ಈ ಶಾಸ್ತ್ರ ಒಪ್ಪುವುದಿಲ್ಲ. ಒಪ್ಪದಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಶಾಶ್ವತ ಎಂದ ಮೇಲೆ ಅದು ದೈವದ ಮಾತಾಗುತ್ತದೆ, ಯಾರ ಹೊಣೆಯೂ ಆಗುವುದಿಲ್ಲ.

ಹವಾಮಾನ ಇಲಾಖೆ ತನ್ನ ಅರ್ಥದ ಗಡಿಯನ್ನು ಚೆನ್ನಾಗಿ ಬಲ್ಲದು. 2016ರಲ್ಲಿ ಅದು ದೇಶಮಟ್ಟದ ವರದಿಗಳಲ್ಲಿ ‘ಬರ ವರ್ಷ’ ಎಂಬ ಮಾತನ್ನೇ ಕೈಬಿಟ್ಟು ‘ಕೊರತೆ ವರ್ಷ’ ಎಂಬ ಮಾತಿಗೆ ಬಂತು. ಮಳೆಮಾಪಕ ಹೇಳಬಲ್ಲದ್ದು ಕೊರತೆಯನ್ನು ಮಾತ್ರ. ಒಂದು ಶಾಸ್ತ್ರ ತನ್ನ ಉಪಕರಣಕ್ಕೆ ಎಟುಕದ ಪದವನ್ನು ತಾನಾಗಿ ಬಿಟ್ಟುಕೊಟ್ಟದ್ದು ದೊಡ್ಡ ಶಿಸ್ತಿನ ಕೆಲಸ, ಅದಕ್ಕೆ ಸಿಗಬೇಕಾದ ಮೆಚ್ಚುಗೆ ಸಿಗಲಿಲ್ಲ.

ಬೇಸಾಯ ವಿಜ್ಞಾನಿ ಆಕಾಶ ನೋಡುವುದನ್ನು ಬಿಟ್ಟು ಮಣ್ಣು ಮುಟ್ಟಿ ನೋಡುತ್ತಾನೆ. ಬೇರಿಗೆ ನೀರು ಸಿಗುತ್ತಿದೆಯೆ, ಇಲ್ಲವೆ? ವಿಜಯಪುರ, ಗದಗದ ಎರೆಭೂಮಿ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯ ಹಸಿಯನ್ನೇ ನಂಬಿ ಹಿಂಗಾರಿ ಬಿಳಿಜೋಳ ಚಳಿಗಾಲವಿಡೀ ಬೆಳೆದು ತೆನೆ ಕಟ್ಟುತ್ತದೆ, ಮತ್ತೆ ಮಳೆ ಬಾರದಿದ್ದರೂ. ಕೋಲಾರ, ತುಮಕೂರಿನ ತೆಳು ಕೆಂಪು ಮಣ್ಣಿಗೆ ಆ ಶಕ್ತಿಯಿಲ್ಲ. ಬಿಸಿಲು ಬಿದ್ದರೆ ಬೇಗ ಒಣಗುತ್ತದೆ. ಒಂದೇ ಪ್ರಮಾಣದ ಮಳೆ, ಒಂದೇ ಅವಧಿಯ ಬಿಡುವು, ಒಂದು ಮಣ್ಣಿನಲ್ಲಿ ಬರ, ಇನ್ನೊಂದರಲ್ಲಿ ಅಲ್ಲ.

ಮಣ್ಣಿನ ಜೊತೆಗೆ ಬೆಳೆಯ ವಯಸ್ಸೂ ಸೇರುತ್ತದೆ. ಎಳೆಯ ರಾಗಿ ಒಂದಷ್ಟು ದಿನ ಬಾಡಿದರೂ ಮಳೆ ಬಿದ್ದರೆ ಚಿಗುರಿಕೊಳ್ಳುತ್ತದೆ. ಮೆಕ್ಕೆಜೋಳ ಹಾಗಲ್ಲ. ಸೂಲಂಗಿ ಬಂದು ತೆನೆ ಕಟ್ಟುವ ಹೊತ್ತಿಗೆ ನೀರು ತಪ್ಪಿದರೆ ಪರಾಗಸ್ಪರ್ಶವೇ ಕೆಡುತ್ತದೆ. ಆಮೇಲೆ ಎಷ್ಟು ಮಳೆ ಸುರಿದರೂ ಕಾಳು ತುಂಬುವುದಿಲ್ಲ. ಹಾಗಾಗಿ ಋತುವಿನ ಒಟ್ಟು ಮಳೆ ವಾಡಿಕೆಯಷ್ಟೇ ಬಂದ ವರ್ಷದಲ್ಲೂ ಹೊಲದಲ್ಲಿ ಬರ ಬರಬಹುದು. ರೈತರು ಇದನ್ನು ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಇಟ್ಟುಕೊಂಡು ಬಂದಿದ್ದಾರೆ. ರೋಹಿಣಿ, ಮೃಗಶಿರ, ಆರಿದ್ರ ಎಂದು ಹೆಸರು ಹಿಡಿದು ಯಾವ ಮಳೆ ಬಂತು, ಯಾವುದು ಹೋಯಿತು ಎಂದು ಹೇಳುತ್ತಾರೆಯೇ ಹೊರತು ಒಟ್ಟು ಎಷ್ಟು ಎಂದು ಹೇಳುವುದಿಲ್ಲ. ಹದಿಮೂರು ಹದಿನಾಲ್ಕು ದಿನಗಳ ಆ ವಿಭಾಗ ಬೆಳೆಯ ಹಂತಗಳಿಗೆ ಋತುವಿನ ಮೊತ್ತಕ್ಕಿಂತ ಹತ್ತಿರವಾದದ್ದು. ಈಗಿನ ಸರ್ಕಾರಿ ಕೈಪಿಡಿಯೂ ಮಳೆಯ ಒಟ್ಟು ಕೊರತೆಯ ಜೊತೆಗೆ ಶುಷ್ಕ ಅವಧಿಯನ್ನು, ಅಂದರೆ ಸತತ ಮೂರು ನಾಲ್ಕು ವಾರ ವಾಡಿಕೆಯ ಅರ್ಧದಷ್ಟೂ ಮಳೆ ಬಾರದಿರುವುದನ್ನು, ಗಣನೆಗೆ ತೆಗೆದುಕೊಳ್ಳುತ್ತದೆ. ಆದರೆ ಮೆಕ್ಕೆಜೋಳ ತೆನೆ ಕಟ್ಟುವಾಗ ಎರಡು ವಾರ ಸಾಕು.

ಇನ್ನು 2023ರಲ್ಲಿ ನಮ್ಮ ಪತ್ರಿಕೆಗಳಲ್ಲೆಲ್ಲ ಓಡಾಡಿದ ಒಂದು ಮಾತಿಗೆ ಬರುತ್ತೇನೆ: ಹಸಿರು ಬರ. ಕೇಂದ್ರದ ಅಧ್ಯಯನ ತಂಡ ಅಕ್ಟೋಬರ್‌ನಲ್ಲಿ ಬರುವ ಹೊತ್ತಿಗೆ ಹಲವು ಕಡೆ ಹೊಲಗಳು ಹಸಿರಾಗಿಯೇ ಕಾಣುತ್ತಿದ್ದವು. ಇದು ಹಸಿರು ಬರ, ಪೈರು ಇದೆ, ಇಳುವರಿ ಇಲ್ಲ ಎಂದು ರಾಜ್ಯದ ಕಂದಾಯ ಸಚಿವರು ವಿವರಿಸಬೇಕಾಯಿತು.

ಹಸಿರಿನ ಈ ತಕರಾರು ಹುಟ್ಟಿದ್ದು ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಎಲೆಯಲ್ಲಿರುವ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ; ಆರೋಗ್ಯವಂತ ಎಲೆಯ ಒಳರಚನೆ ಅವಕೆಂಪು ಕಿರಣಗಳನ್ನು ಹಿಂದಕ್ಕೆ ಎರಚುತ್ತದೆ. ಉಪಗ್ರಹ ಈ ಎರಡನ್ನೂ ಅಳೆಯುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಮೈನಸ್ 1ರಿಂದ 1ರ ನಡುವೆ ಒಂದು ಸಂಖ್ಯೆ ಸಿಗುತ್ತದೆ. ಅದೇ ಹಸಿರಿನ ಸೂಚ್ಯಂಕ. ಒಂದು ಪ್ರದೇಶದ ಈ ವಾರದ ಸಂಖ್ಯೆಯನ್ನು ಅದೇ ಪ್ರದೇಶದ ಹಿಂದಿನ ವರ್ಷಗಳ ಅದೇ ವಾರದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಸಂಖ್ಯೆಗಳ ನಡುವೆ ಇಟ್ಟು ನೋಡಿದರೆ ಸಸ್ಯಸ್ಥಿತಿ ಸೂಚ್ಯಂಕ. ಅದು ಶೇ 40ಕ್ಕಿಂತ ಕೆಳಗಿಳಿದರೆ ಸ್ಥಿತಿ ಕೆಟ್ಟಿದೆ ಎಂದು ಅರ್ಥ. ಹಳ್ಳಿ ಹಳ್ಳಿಗೂ ಹೋಗಿ ನೋಡಲಾಗದ ಸರ್ಕಾರಕ್ಕೆ ಇದರಂಥ ಕಣ್ಣು ಬೇರೊಂದಿಲ್ಲ. ಆದರೆ ಆ ಕಣ್ಣು ಕೇಳುವ ಪ್ರಶ್ನೆ ಎಲೆ ಹಸಿರಾಗಿದೆಯೆ ಎಂಬುದು. ಜುಲೈನ ಮಳೆಗೆ ಹುಟ್ಟಿ, ಆಗಸ್ಟ್‌ನಲ್ಲಿ ಕಾಳು ಕಟ್ಟುವ ಶಕ್ತಿ ಕಳೆದುಕೊಂಡು, ಸೆಪ್ಟೆಂಬರ್‌ನ ಒಂದೆರಡು ಮಳೆಗೆ ಮತ್ತೆ ಎಲೆ ಬಿಟ್ಟ ಮೆಕ್ಕೆಜೋಳ ಆ ಪ್ರಶ್ನೆಗೆ ‘ಹೌದು’ ಎಂದೇ ಉತ್ತರ ಕೊಡುತ್ತದೆ. ಬದುವಿನ ಹುಲ್ಲೂ ಹೊಲದ ಕಳೆಯೂ ಅದೇ ಉತ್ತರಕ್ಕೆ ಸೇರಿಕೊಳ್ಳುತ್ತವೆ. ದನ ಮೇಯಿಸುವವನಿಗೆ ಅದು ನಿಜವಾದ ಉತ್ತರವೇ. ಅವನಿಗೆ ಬೇಕಾದದ್ದು ಮೇವು. ಕಾಳು ಬೇಕಾದವನಿಗೆ ಅದು ಉತ್ತರವಲ್ಲ. ಹಸಿರು ಬರ ಎಂಬ ಜೋಡಿಪದ ನನಗೆ ಬೆಲೆಯುಳ್ಳದ್ದಾಗಿ ಕಾಣುವುದು ಇದಕ್ಕೇ. ಒಂದು ಶಾಸ್ತ್ರದ ‘ಇಲ್ಲ’ ಮತ್ತು ಇನ್ನೊಂದರ ‘ಇದೆ’ ಎರಡನ್ನೂ ಒಟ್ಟಿಗೆ ಹೇಳುವ ಪದ ಆಡಳಿತದ ಭಾಷೆಯಲ್ಲಿ ಅಪರೂಪ.

ಜಲತಜ್ಞರ ಬರ ತಡವಾಗಿ ಬರುತ್ತದೆ, ತಡವಾಗಿ ಹೋಗುತ್ತದೆ. ಮಳೆ ತಪ್ಪಿದ ವಾರಗಳಲ್ಲಿ ಮಣ್ಣು ಒಣಗುತ್ತದೆ, ತಿಂಗಳುಗಳಲ್ಲಿ ಹೊಳೆ ಸೊರಗುತ್ತದೆ, ಅಂತರ್ಜಲ ಇಳಿಯಲು ಇನ್ನೂ ಕಾಲ ಬೇಕು. ತುಂಬಿಕೊಳ್ಳುವಾಗಲೂ ಅದೇ ಕ್ರಮ. ಒಂದು ಹದ ಮಳೆಗೆ ಮಳೆಯ ಬರ ಮುಗಿಯಿತು ಎನ್ನಬಹುದು. ಎರಡು ಮೂರು ಮಳೆಗೆ ಹೊಲ ಹಸಿಯಾಗುತ್ತದೆ. ಗಟ್ಟಿ ಶಿಲೆಯ ನಾಡಿನಲ್ಲಿ ಕೊಳವೆಬಾವಿಗೆ ನೀರು ಮರಳುವುದು ಬೇರೆಯೇ ಮಾತು. ಕೋಲಾರ, ಚಿಕ್ಕಬಳ್ಳಾಪುರದ ಅಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಬಂಡೆ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ. ಸಾವಿರ ಅಡಿ ದಾಟಿ ಕೊರೆದವರು ಆ ಬಿರುಕುಗಳಲ್ಲಿ ಬಹುಕಾಲದಿಂದ ನಿಂತಿದ್ದ ನೀರನ್ನು ಎತ್ತಿ ಬಳಸಿದರು. 2021ರ ನವೆಂಬರ್ ಮಳೆಗೆ ಕೋಲಾರದ ಕೆರೆಗಳು ಕೋಡಿ ಹರಿದವು. ಅಂಥ ವರ್ಷದಲ್ಲಿ ಬರ ಎನ್ನಲು ಹವಾಮಾನ ತಜ್ಞನಿಗೆ ಯಾವ ಆಧಾರವೂ ಇಲ್ಲ. ಆದರೆ ವರ್ಷಕ್ಕೆ ಇಂಗುವ ನೀರಿಗಿಂತ ಹೆಚ್ಚು ಎತ್ತುವ ಪ್ರದೇಶಕ್ಕೆ ಕೇಂದ್ರ ಅಂತರ್ಜಲ ಮಂಡಳಿ ಇಟ್ಟಿರುವ ಹೆಸರು ‘ಅತಿಬಳಕೆ’. ಕೋಲಾರ ವರ್ಷಗಳಿಂದ ಆ ಪಟ್ಟಿಯಲ್ಲಿದೆ.

ಇಲ್ಲಿ ಒಂದು ವಿವೇಚನೆ ಬೇಕು. ಕೊಳವೆಬಾವಿ ಬತ್ತಿದಾಗಲೆಲ್ಲ ಬರ ಎನ್ನುತ್ತೇವೆ. ಅದರಲ್ಲಿ ಎಷ್ಟು ಪಾಲು ಮಳೆಯದು, ಎಷ್ಟು ಪಾಲು ಪಂಪಿನದು ಎಂದು ಬಿಡಿಸಿ ಹೇಳುವುದು ಜಲತಜ್ಞರ ಕರ್ತವ್ಯ. ಹೇಳದಿದ್ದರೆ ಮನುಷ್ಯರು ಮಾಡಿದ್ದೂ ಮೋಡದ ಲೆಕ್ಕಕ್ಕೆ ಬೀಳುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಟ್ಯಾಂಕರ್‌ಗಳು ಸಾಲುಗಟ್ಟಿದಾಗ ನಡೆದದ್ದು ಇದೇ. ಹಿಂದಿನ ಮುಂಗಾರು ಕೈಕೊಟ್ಟದ್ದು ನಿಜ, ಕಾವೇರಿ ಪೈಪು ಮುಟ್ಟದ ಹೊರವಲಯ ಪೂರ್ತಿಯಾಗಿ ಅಂತರ್ಜಲದ ಮೇಲೆ ಬೆಳೆದು ನಿಂತದ್ದೂ ಅಷ್ಟೇ ನಿಜ.

ನದಿಯ ಬರಕ್ಕೆ ಇನ್ನೊಂದು ಗುಣವಿದೆ: ಅದು ಒಂದು ಊರಲ್ಲಿ ಹುಟ್ಟಿ ಇನ್ನೊಂದು ಊರಲ್ಲಿ ಕಾಣಿಸಿಕೊಳ್ಳುತ್ತದೆ. ಮಂಡ್ಯದ ನಾಲೆಗೆ ನೀರು ಬರುವುದು ಮಂಡ್ಯದ ಮಳೆಯಿಂದಲ್ಲ, ಕೊಡಗಿನ ಮಳೆಯಿಂದ. ಮಂಡ್ಯದಲ್ಲಿ ಒಳ್ಳೆಯ ಮಳೆಯಾಗಿ ಕೊಡಗಿನಲ್ಲಿ ತಪ್ಪಿದರೆ ಕೃಷ್ಣರಾಜಸಾಗರ 124.80 ಅಡಿ ಮುಟ್ಟುವುದಿಲ್ಲ, ಭತ್ತದ ಬಯಲಿಗೆ ಬರ ಬರುತ್ತದೆ.

ನದಿ ಎರಡು ರಾಜ್ಯಗಳ ನಡುವೆ ಹರಿಯುವಾಗ ಪದ ನ್ಯಾಯಾಲಯದ ಮೆಟ್ಟಿಲು ಹತ್ತುತ್ತದೆ. ಅಲ್ಲಿ ಅದರ ಹೆಸರು ‘ಸಂಕಷ್ಟ ವರ್ಷ’. ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ಇಡೀ ಕೊಳ್ಳದ ನೀರನ್ನು ಶೇ 50ರ ವಿಶ್ವಾಸಾರ್ಹತೆಯಲ್ಲಿ 740 ಟಿಎಂಸಿ ಎಂದು ಎಣಿಸಿತು. ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಸಾಮಾನ್ಯ ವರ್ಷದಲ್ಲಿ ಹರಿಯಬೇಕಾದ ನೀರನ್ನು 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ 192ರಿಂದ 177.25 ಟಿಎಂಸಿಗೆ ಇಳಿಸಿತು. ನೀರು ಕಡಿಮೆಯಾದ ವರ್ಷದಲ್ಲಿ ಎಲ್ಲರ ಪಾಲೂ ಅದೇ ಅನುಪಾತದಲ್ಲಿ ಇಳಿಯಬೇಕು. ಶೇ 50ರ ವಿಶ್ವಾಸಾರ್ಹತೆ ಎಂದರೆ ಏನೆಂದು ಒಂದು ಕ್ಷಣ ಯೋಚಿಸಿ. ಅಷ್ಟು ನೀರು ಎರಡು ವರ್ಷಕ್ಕೆ ಒಮ್ಮೆ ಮಾತ್ರ ಬರುತ್ತದೆ. ಕೃಷ್ಣಾ ಕೊಳ್ಳಕ್ಕೆ ಬಚಾವತ್ ನ್ಯಾಯಮಂಡಳಿ ಹಿಡಿದದ್ದು ಶೇ 75ರ ವಿಶ್ವಾಸಾರ್ಹತೆ: ನಾಲ್ಕು ವರ್ಷದಲ್ಲಿ ಮೂರು ವರ್ಷ ಬರುವ ನೀರು. ಒಂದೇ ರಾಜ್ಯದ ಎರಡು ನದಿಗಳಲ್ಲಿ ‘ಸಾಮಾನ್ಯ’ದ ಅಳತೆ ಬೇರೆ, ಆದ್ದರಿಂದ ಕೊರತೆಯ ಅಳತೆಯೂ ಬೇರೆ. ಕಾವೇರಿಯ ಜಗಳ ಮತ್ತೆ ಮತ್ತೆ ಬೀದಿಗೆ ಬರುವುದರಲ್ಲಿ ರಾಜಕೀಯದ ಪಾಲು ಇದ್ದೇ ಇದೆ. ಈ ಶೇ 50ರ ಪಾಲೂ ಇದೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಯಾರೂ ಹೇಳಿಕೊಡುತ್ತಿಲ್ಲ.

ಕಂದಾಯ ಇಲಾಖೆಯ ಬರ ಒಂದು ಘೋಷಣೆ. ಅದು ಹೊಲದಲ್ಲಿ ಹುಟ್ಟಿದರೂ ಜೀವ ಪಡೆಯುವುದು ಆದೇಶದಲ್ಲಿ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ ಮೊದಲು ಮಳೆಯನ್ನು ನೋಡು ಎನ್ನುತ್ತದೆ. ಆಮೇಲೆ ಬಿತ್ತನೆಯ ವಿಸ್ತೀರ್ಣ, ಉಪಗ್ರಹ ಸೂಚ್ಯಂಕ, ಮಣ್ಣಿನ ತೇವಾಂಶ, ಜಲಸ್ಥಿತಿ ಈ ನಾಲ್ಕು ಪರಿಣಾಮಗಳನ್ನು. ಕೊನೆಗೆ ಆಯ್ದ ಹಳ್ಳಿಗಳಲ್ಲಿ ಹೊಲಕ್ಕಿಳಿದು ಬೆಳೆಹಾನಿಯನ್ನು. ಶೇ 33 ಅಥವಾ ಅದಕ್ಕಿಂತ ಹೆಚ್ಚಿನ ಹಾನಿಗೆ ಪರಿಹಾರವಿದೆ: 2022ರಿಂದ ಜಾರಿಯಲ್ಲಿದ್ದ ದರದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಹೆಚ್ಚೆಂದರೆ 2 ಹೆಕ್ಟೇರಿಗೆ. ‘ತೀವ್ರ’ ಎಂಬ ವಿಶೇಷಣಕ್ಕೆ ಕೇಂದ್ರದ ನಿಧಿಯ ಬಾಗಿಲು ತೆರೆಯುತ್ತದೆ, ‘ಸಾಧಾರಣ’ಕ್ಕೆ ತೆರೆಯುವುದಿಲ್ಲ. ಹವಾಮಾನ ತಜ್ಞರ ಬಾಯಲ್ಲಿ ಬರೀ ಪ್ರಮಾಣಸೂಚಕವಾಗಿದ್ದ ವಿಶೇಷಣ ಇಲ್ಲಿ ಹಣದ ಗೆರೆ. 2023ರಲ್ಲಿ ರಾಜ್ಯ ಕೇಳಿದ್ದು 18,171 ಕೋಟಿ. ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು ಸುಮಾರು 3,400 ಕೋಟಿ.

ವಿಮೆಯ ಬರ ಇನ್ನೂ ಬೇರೆ. ಇಳುವರಿ ಆಧಾರಿತ ಬೆಳೆ ವಿಮೆ ಅಂತಿಮ ಲೆಕ್ಕದಲ್ಲಿ ಮಳೆಯನ್ನೂ ಕೇಳುವುದಿಲ್ಲ, ತಾಲ್ಲೂಕಿನ ಘೋಷಣೆಯನ್ನೂ ಕೇಳುವುದಿಲ್ಲ. ಹಿಂದಿನ ವರ್ಷಗಳ ಇಳುವರಿಯಿಂದ ಒಂದು ಪ್ರಾರಂಭಿಕ ಮಟ್ಟ ಗೊತ್ತುಮಾಡಿ, ಗ್ರಾಮ ಪಂಚಾಯಿತಿ ಅಥವಾ ಹೋಬಳಿಯಲ್ಲಿ ಬೆಳೆ ಕಟಾವು ಪ್ರಯೋಗ ನಡೆಸಿ, ಸಿಕ್ಕ ಇಳುವರಿ ಆ ಮಟ್ಟಕ್ಕಿಂತ ಎಷ್ಟು ಕಡಿಮೆ ಎಂದು ನೋಡುತ್ತದೆ. ಸರ್ಕಾರ ಬರಪೀಡಿತ ಎಂದ ತಾಲ್ಲೂಕಿನ ರೈತನಿಗೆ ವಿಮೆಯ ಹಣ ಬಾರದಿದ್ದಾಗ ಅವನು ಮೋಸವಾಯಿತು ಎನ್ನುತ್ತಾನೆ. ಅವನ ಪಂಚಾಯಿತಿಯ ಸರಾಸರಿ ಅವನ ಹೊಲಕ್ಕಿಂತ ಚೆನ್ನಾಗಿತ್ತು ಎಂಬುದನ್ನು ಅವನಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸುವ ವ್ಯವಸ್ಥೆ ನಮ್ಮಲ್ಲಿ ಗಟ್ಟಿಯಾಗಿ ಇಲ್ಲ. ಪ್ರೀಮಿಯಂ ಕಟ್ಟಿಸಿಕೊಳ್ಳುವಾಗ ಕೊಡುವ ರಸೀದಿಯಲ್ಲೇ ಈ ಅರ್ಥವನ್ನು ಕನ್ನಡದಲ್ಲಿ ಅಚ್ಚು ಮಾಡಿಸಬೇಕು ಎಂದು ನಾನು ಒತ್ತಾಯಿಸುತ್ತೇನೆ.

ಕೊನೆಯದಾಗಿ ಹಸಿವು. ನಮ್ಮ ಹಿರಿಯರು ಬರ ಎಂದಾಗ ಮಳೆಯಿಲ್ಲದ್ದನ್ನೂ ಅನ್ನವಿಲ್ಲದ್ದನ್ನೂ ಒಟ್ಟಿಗೆ ಹೇಳುತ್ತಿದ್ದರು. 1876-78ರ ಬರದ ನಂತರ ಅವೆರಡನ್ನು ಬೇರೆ ಮಾಡುವುದು ಕಷ್ಟವೂ ಆಗಿತ್ತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿದ್ದದ್ದು 1881ರ ಗಣತಿಯಲ್ಲಿ 42 ಲಕ್ಷದ ಹತ್ತಿರಕ್ಕೆ ಕುಸಿದಿತ್ತು. ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ಈ ಎರಡು ಅರ್ಥಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿದರು. 1943ರ ಬಂಗಾಳದಲ್ಲಿ ಜನ ಸತ್ತದ್ದು ಧಾನ್ಯ ಇಲ್ಲದ್ದರಿಂದ ಎನ್ನುವುದಕ್ಕಿಂತ ಧಾನ್ಯ ಕೊಳ್ಳುವ ಶಕ್ತಿ ಕಳೆದುಕೊಂಡದ್ದರಿಂದ ಎಂದು ತೋರಿಸಿದರು. ಆ ವಾದದಲ್ಲಿ ಮೊದಲು ಬಲಿಯಾಗುವವರು ಹೊಲವಿಲ್ಲದ ಕೂಲಿಕಾರರು, ಮೀನುಗಾರರು, ಕಸುಬುದಾರರು. ಬೆಳೆ ನಷ್ಟದ ಪರಿಹಾರಕ್ಕೆ ಅರ್ಜಿ ಹಾಕಲು ಇವರಿಗೆ ಪಹಣಿಯೇ ಇಲ್ಲ.

1876-78ರ ಸಾವುಗಳ ನಂತರ ಬ್ರಿಟಿಷ್ ಸರ್ಕಾರ ರೂಪಿಸಿದ ಕ್ಷಾಮ ಸಂಹಿತೆಗಳಲ್ಲಿ ‘ಪರೀಕ್ಷಾ ಕಾಮಗಾರಿ’ ಎಂಬ ಒಂದು ಕ್ರಮವಿತ್ತು. ಅನುಮಾನ ಬಂದ ಸೀಮೆಯಲ್ಲಿ ಹೊಟ್ಟೆಗಾಗುವಷ್ಟೇ ಕೂಲಿಗೆ ಮಣ್ಣು ಹೊರುವ ಕೆಲಸ ತೆರೆಯುವುದು. ಜನ ಗುಂಪುಗುಂಪಾಗಿ ಬಂದರೆ ಕ್ಷಾಮ ಇದೆ ಎಂದು ತೀರ್ಮಾನಿಸುವುದು. ಕಡಿಮೆ ಖರ್ಚಿನಲ್ಲಿ ಮುಗಿಸಬೇಕೆಂಬ ಆ ಆಡಳಿತದ ಕ್ರೌರ್ಯ ಅದರಲ್ಲಿ ಎದ್ದು ಕಾಣುತ್ತದೆ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಅಳತೆಯ ಕೇಂದ್ರದಲ್ಲಿ ನಿಂತಿದ್ದವನು ಹಸಿದ ಕೂಲಿಕಾರ. 2016ರ ಕೈಪಿಡಿಯ ನಾಲ್ಕು ಪ್ರಧಾನ ಪರಿಣಾಮ ಸೂಚಕಗಳಲ್ಲಿ ಹೊಲವಿದೆ, ಎಲೆಯಿದೆ, ಮಣ್ಣಿದೆ, ನೀರಿದೆ; ಕೂಲಿಕಾರನಿಲ್ಲ. ಉದ್ಯೋಗ ಖಾತರಿಯ 100 ದಿನಗಳ ಮೇಲೆ ಇನ್ನೂ 50 ದಿನದ ಕೆಲಸ ಕೊಡಲು 2023ರಲ್ಲಿ ಅವಕಾಶವಿದ್ದದ್ದು ಬರವೆಂದು ಘೋಷಿತವಾದ ಪ್ರದೇಶಗಳಲ್ಲಿ. ಅಂದರೆ ಎಲೆಯ ಹಸಿರನ್ನು ಅಳೆದು ಕೂಲಿಕಾರನ ಕೆಲಸದ ದಿನಗಳನ್ನು ಗೊತ್ತುಮಾಡಿದಂತಾಯಿತು. ಕೆಲಸ ಕೇಳಿ ಪಂಚಾಯಿತಿಗೆ ಬಂದ ಅರ್ಜಿಗಳ ಸಂಖ್ಯೆ, ಬಳ್ಳಾರಿ ರಾಯಚೂರು ಕಡೆಯಿಂದ ಗುಳೆ ಹೋದ ಕುಟುಂಬಗಳ ಸಂಖ್ಯೆ, ಶಾಲೆಯಿಂದ ಕಾಣೆಯಾದ ಮಕ್ಕಳ ಸಂಖ್ಯೆ, ಇವೆಲ್ಲ ಈಗಾಗಲೇ ಸರ್ಕಾರದ ಯಾವುದಾದರೊಂದು ಕಡತದಲ್ಲಿ ದಾಖಲಾಗುವಂಥವು. 1988ರಲ್ಲಿ ಬರ ಪರಿವೀಕ್ಷಣೆಗೆಂದೇ ಒಂದು ಘಟಕ ಆರಂಭಿಸಿ, ಮುಂದೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟ ರಾಜ್ಯ ನಮ್ಮದು. ಆ ಮಳೆಯ ಅಂಕಿಯ ಪಕ್ಕದಲ್ಲಿ, ಅದೇ ಪಂಚಾಯಿತಿಯ ಈ ಅಂಕಿಗಳನ್ನೂ ವಾರವಾರ ಪ್ರಕಟಿಸಲು ಹೊಸ ಉಪಗ್ರಹವಾಗಲಿ, ಕೇಂದ್ರದ ಒಪ್ಪಿಗೆಯಾಗಲಿ ಬೇಕಾಗಿಲ್ಲ. ಬರುವ ಮುಂಗಾರಿಗೆ ಮೊದಲೇ ಒಂದೆರಡು ತಾಲ್ಲೂಕುಗಳಲ್ಲಿ ಇದನ್ನು ಮಾಡಿ ನೋಡಬಹುದು. ಇಲ್ಲಿ ಕುಳಿತಿರುವ ಅರ್ಥಶಾಸ್ತ್ರ, ಭೂಗೋಳ, ಸಂಖ್ಯಾಶಾಸ್ತ್ರ ವಿಭಾಗಗಳ ವಿದ್ಯಾರ್ಥಿಗಳು ಕೈಜೋಡಿಸಿದರೆ ಒಂದು ತಾಲ್ಲೂಕನ್ನು ಈ ಕಾಲೇಜೇ ವಹಿಸಿಕೊಳ್ಳಬಹುದು.